ಉಣುಗಿನ ಲೆಕ್ಕ ಇಡುವವರು ಯಾರು?

ವಿಜ್ಞಾನದ ಸಂಶೋಧನೆಯಿಂದ ಲೋಕಕ್ಕೆ ಏನು ಪ್ರಯೋಜನವೆಂದು ಕೇಳಿದರೆ ಉತ್ತರ ಹೇಳುವುದು ಈಗ ಬಹು ಸುಲಭವಾಗಿದೆ. ಜನರ ಆರೋಗ್ಯ, ಜನರ ಶಿಕ್ಷಣ, ಪರಿಸರದ ರಕ್ಷಣೆ ಎಂಬ ಮೂರು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿಬಿಡಬಹುದು. ದೊಡ್ಡ ಸಭೆಗಳ ನಿರ್ಣಯಗಳಲ್ಲಿ ಈ ಮೂರೂ ಜೊತೆಯಾಗಿಯೇ ಬರುತ್ತವೆ, ಕೇಳಿದವರು ತಲೆದೂಗುತ್ತಾರೆ, ಯಾರಿಗೂ ಯಾವ ತೊಂದರೆಯೂ ಆಗುವುದಿಲ್ಲ. ಆದರೆ ಇವು ನಿಜವಾಗಿ ಒಂದಕ್ಕೊಂದು ಹೆಣೆದುಕೊಂಡಿರುವುದು ಎಲ್ಲಿ, ಆ ಹೆಣಿಗೆಯ ಒಂದೆಳೆ ಸಡಿಲವಾದರೆ ಉಳಿದವುಗಳ ಗತಿಯೇನು ಎಂಬುದನ್ನು ತಿಳಿಯಬೇಕಾದರೆ ನಿರ್ಣಯಗಳನ್ನು ಬದಿಗಿಟ್ಟು ಒಂದು ಕಾಡಿನೊಳಕ್ಕೆ ಹೋಗಬೇಕಾಗುತ್ತದೆ. ಆ ಕಾಡು ನಮಗೆ ದೂರದ್ದಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು ಅದು. ವೈರಸು ರೋಗಗಳನ್ನು ಕುರಿತ ಯಾವ ದೊಡ್ಡ ವೈದ್ಯಗ್ರಂಥವನ್ನು ತೆರೆದರೂ ಆ ಹೆಸರು ಕಣ್ಣಿಗೆ ಬೀಳುತ್ತದೆ. ಕನ್ನಡ ನಾಡಿನ ಒಂದು ಕಾಡಿಗೆ ಇಂಥ ಕೀರ್ತಿ ಬರಬಾರದಿತ್ತು, ಬಂದಿದೆ.

1957ರ ಮಾರ್ಚ್ ತಿಂಗಳ ಹೊತ್ತಿಗೆ ಆ ಕಾಡಿನಲ್ಲಿ ಕೋತಿಗಳು ಗುಂಪುಗುಂಪಾಗಿ ಸಾಯುತ್ತಿವೆಯೆಂಬ ಸುದ್ದಿ ಆಗಿನ ಮೈಸೂರು ರಾಜ್ಯದ ಆರೋಗ್ಯಾಧಿಕಾರಿಗಳಿಗೆ ಮುಟ್ಟಿತು. ಕಪ್ಪು ಮೋರೆಯ ಮುಸುವಗಳೂ ಕೆಂಪು ಮೋರೆಯ ಮಂಗಗಳೂ ಸತ್ತು ನೆಲದಲ್ಲಿ ಬಿದ್ದಿರುತ್ತಿದ್ದವು. ಅದೇ ಕಾಲಕ್ಕೆ ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ಜ್ವರ ಹಿಡಿಯಿತು. ಥಟ್ಟನೆ ಏರುವ ಜ್ವರ, ತಲೆ ಸಿಡಿಯುವ ನೋವು, ಸೊಂಟ ಮತ್ತು ಕಾಲುಗಳಲ್ಲಿ ಎದ್ದು ನಿಲ್ಲಲಾರದಷ್ಟು ಸೆಳೆತ, ಕೆಲವರಿಗೆ ಮೂಗು ವಸಡುಗಳಿಂದ ರಕ್ತಸ್ರಾವ. ಒಮ್ಮೆ ಇಳಿದ ಜ್ವರ ಒಂದೆರಡು ವಾರಗಳ ಬಳಿಕ ಮತ್ತೆ ಬಂದು ಮಿದುಳನ್ನು ಬಾಧಿಸುವುದೂ ಉಂಟು. ಹಿಡಿದವರಲ್ಲಿ ನೂರಕ್ಕೆ ಮೂರರಿಂದ ಐವರು ಸಾಯುತ್ತಾರೆ. ಮೊದಮೊದಲು ಇದನ್ನು ವಿಷಮಶೀತ ಜ್ವರವೆಂದು ಶಂಕಿಸಿದವರೂ ಇದ್ದರು. ಹಳ್ಳಿಯ ಜನ ಮಾತ್ರ ಕೋತಿಗಳ ಸಾವಿಗೂ ತಮ್ಮ ಜ್ವರಕ್ಕೂ ನಂಟುಂಟೆಂದು ಕಂಡುಕೊಂಡು ಅದನ್ನು ಮಂಗನ ಕಾಯಿಲೆ ಎಂದು ಕರೆದರು. ಆ ಹೆಸರಿನಲ್ಲಿಯೇ ಸಂಶೋಧನೆಯ ಮೊದಲ ಹೆಜ್ಜೆ ಇತ್ತು ಎನ್ನದಿರಲಾಗದು.

ಪುಣೆಯಲ್ಲಿ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ಸ್ಥಾಪಿಸಿದ ವೈರಸು ಸಂಶೋಧನ ಕೇಂದ್ರವೊಂದಿತ್ತು. ಈಗ ಅದಕ್ಕೆ ರಾಷ್ಟ್ರೀಯ ವೈರಾಣು ಸಂಸ್ಥೆ ಎಂದು ಹೆಸರು. ಕ್ಯಾಸನೂರಿನ ಸುದ್ದಿ ಕೇಳಿದೊಡನೆ ಆ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಧಾವಿಸಿ ಬಂದುದಕ್ಕೆ ಕಾರಣ ಕರುಣೆಯೊಂದೇ ಅಲ್ಲ, ಭಯವೂ ಹೌದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಕೋತಿಗಳು ಸಾಯತೊಡಗಿದರೆ ಹಳದಿ ಜ್ವರ ಬಂದಿತೆಂದು ಅರ್ಥ. ಆ ಜ್ವರವನ್ನು ಹರಡುವ ಜಾತಿಯ ಸೊಳ್ಳೆ ಭಾರತದಲ್ಲಿ ಧಾರಾಳವಾಗಿದೆ. ಜ್ವರ ಮಾತ್ರ ಎಂದೂ ಬಂದಿಲ್ಲವಾದ್ದರಿಂದ ನಮ್ಮ ಜನರ ದೇಹದಲ್ಲಿ ಅದನ್ನೆದುರಿಸುವ ಶಕ್ತಿಯಿಲ್ಲ. ಅದೇನಾದರೂ ಸೊರಬದಲ್ಲಿ ಕಾಲಿಟ್ಟಿದ್ದರೆ ಏಷ್ಯಾ ಖಂಡಕ್ಕೇ ವಿಪತ್ತು ಒದಗುತ್ತಿತ್ತು. ಮಲೆನಾಡಿನ ಒಂದು ಮೂಲೆಯ ಜ್ವರ ಇಡೀ ಲೋಕದ ಆರೋಗ್ಯದ ಪ್ರಶ್ನೆಯಾದುದು ಹೀಗೆ.

ಪರೀಕ್ಷೆಯಲ್ಲಿ ಸಿಕ್ಕಿದ್ದು ಹಳದಿ ಜ್ವರವಲ್ಲ. ಸತ್ತ ಕೋತಿಗಳಿಂದ, ರೋಗಿಗಳ ರಕ್ತದಿಂದ, ಕಾಡಿನ ಉಣುಗುಗಳಿಂದ ಬೇರ್ಪಡಿಸಿದ ವೈರಸು ಒಂದೇ ಆಗಿತ್ತು. ಅದರ ಹತ್ತಿರದ ನೆಂಟನಿದ್ದದ್ದು ಸೋವಿಯತ್ ದೇಶದ ಪೂರ್ವದ ಅಂಚಿನ ಕಾಡುಗಳಲ್ಲಿ! ಅಲ್ಲಿ ಕಾಡಿನ ಕೆಲಸಗಾರರನ್ನೂ ಸೈನಿಕರನ್ನೂ ಕಾಡುತ್ತಿದ್ದ ಮಿದುಳು ಜ್ವರಕ್ಕೆ ಉಣುಗು ಹರಡುವ ವೈರಸೇ ಕಾರಣವೆಂದು ಲೆವ್ ಜಿಲ್ಬರ್ ಅವರ ತಂಡ 1937ರಲ್ಲಿ ತೋರಿಸಿಕೊಟ್ಟಿತ್ತು. ಹಿಮ ಬೀಳುವ ಆ ನಾಡಿನ ವೈರಸಿನ ಬಳಗಕ್ಕೆ ಸೇರಿದುದೊಂದು ಅಡಕೆ ತೋಟಗಳ ನಡುವೆ ಹೇಗೆ ಬಂದಿತು? ವಲಸೆ ಹಕ್ಕಿಗಳು ಉಣುಗುಗಳನ್ನು ಹೊತ್ತು ತಂದವೇ? ಈ ಶಂಕೆಯ ಪರಿಹಾರಕ್ಕಾಗಿ ಪಕ್ಷಿತಜ್ಞ ಸಾಲಿಂ ಅಲಿಯವರು ತೊಡಗಿದರು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ನಿಸರ್ಗೇತಿಹಾಸ ಸಂಘ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಬಿಡುವ ದೊಡ್ಡ ಯೋಜನೆಯನ್ನು ಕೈಗೊಂಡುದರ ಹಿಂದೆ ಈ ಪ್ರಶ್ನೆಯೂ ಇತ್ತು. ಹಕ್ಕಿಗಳೇ ವೈರಸನ್ನು ತಂದವೆಂಬ ಮಾತು ಸಿದ್ಧಪಡಲಿಲ್ಲ. ಆದರೆ ನಮ್ಮ ದೇಶದ ಹಕ್ಕಿಗಳ ವಲಸೆಯ ವಿಷಯದಲ್ಲಿ ನಮಗೆ ತಿಳಿದುದರಲ್ಲಿ ಬಹುಭಾಗ ಆ ದುಡಿಮೆಯ ಫಲ. ಸಂಶೋಧನೆಯಲ್ಲಿ ಹೀಗಾಗುವುದುಂಟು, ಕಳೆದ ಎಮ್ಮೆಯನ್ನು ಹುಡುಕಲು ಹೋದವನು ಹೊಸ ದಾರಿಯೊಂದನ್ನು ಕಂಡು ಬರುತ್ತಾನೆ.

ಅಂದಿನ ವಿಜ್ಞಾನಿಗಳು ಕಾಡಿನಲ್ಲಿ ಮಾಡಿದ ಕೆಲಸದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ವಾದವೆಲ್ಲ ಅದರ ಮೇಲೆ ನಿಂತಿದೆ. ಸಾಗರದಲ್ಲಿ ಬೀಡುಬಿಟ್ಟು ಅವರು ಒಂದು ದೊಡ್ಡ ಬಟ್ಟೆಯ ತುಂಡನ್ನು ಕಾಡಿನ ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದರು. ದರಕಿನ ಮೇಲೆ, ಹುಲ್ಲಿನ ತುದಿಯಲ್ಲಿ ಕಾದು ಕುಳಿತ ಉಣುಗುಗಳು ಯಾವುದೋ ಪ್ರಾಣಿ ಹಾದುಹೋಯಿತೆಂದು ಬಗೆದು ಬಟ್ಟೆಗೆ ಹತ್ತಿಕೊಳ್ಳುತ್ತವೆ. ಅವನ್ನು ಒಂದೊಂದಾಗಿ ಆಯ್ದು, ಜಾತಿ ಯಾವುದು, ಮರಿಯೋ ಬೆಳೆದದ್ದೋ ಎಂದು ವಿಂಗಡಿಸಿ, ಎಣಿಸಿ, ಬರೆದಿಟ್ಟು, ಅರೆದು ವೈರಸಿಗಾಗಿ ಪರೀಕ್ಷಿಸುತ್ತಿದ್ದರು. ಇದು ಒಂದು ದಿನದ ಕೆಲಸವಲ್ಲ, ವರ್ಷವರ್ಷದ ಕೆಲಸ. ಇದರ ಜೊತೆಗೆ ಇಲಿ, ಸೊಂಡಿಲಿ, ಅಳಿಲು, ಮುಳ್ಳುಹಂದಿ, ಬಾವಲಿ, ನೆಲದ ಹಕ್ಕಿ ಎಲ್ಲವನ್ನೂ ಹಿಡಿದು ಅವುಗಳ ಮೈಮೇಲಿನ ಉಣುಗುಗಳನ್ನೂ ರಕ್ತವನ್ನೂ ನೋಡಿದರು. ಸತ್ತ ಪ್ರತಿಯೊಂದು ಕೋತಿಯ ಸ್ಥಳವನ್ನೂ ನಕ್ಷೆಯಲ್ಲಿ ಗುರುತಿಸಿದರು. ಪುಣೆಯ ಪ್ರಯೋಗಾಲಯದಲ್ಲಿ ಈ ವೈರಸಿನೊಡನೆ ದುಡಿಯುತ್ತಿದ್ದ ಕೆಲಸಗಾರರಿಗೇ ಜ್ವರ ತಗಲಿದ ಸಂಗತಿಗಳುಂಟು. ಇವರಲ್ಲಿ ಹಲವರು ನಮ್ಮ ದೇಶದ ತರುಣರು. ಹೆಸರಾಗದೆ ದುಡಿದವರು ಬಹಳ.

ಆ ದುಡಿಮೆಯಿಂದ ತಿಳಿದುಬಂದ ಕಥೆ ಇಂತಿದೆ. ರೋಗವನ್ನು ಮುಖ್ಯವಾಗಿ ಹರಡುವ ಉಣುಗಿಗೆ ಹೀಮಫೈಸಾಲಿಸ್ ಸ್ಪಿನಿಜೆರ ಎಂದು ಶಾಸ್ತ್ರದ ಹೆಸರು. ಹುಟ್ಟಿದಾಗ ಅದಕ್ಕೆ ಆರು ಕಾಲು. ಒಂದು ಪ್ರಾಣಿಯ ರಕ್ತ ಕುಡಿದು, ನೆಲಕ್ಕುದುರಿ, ಪೊರೆ ಬಿಟ್ಟರೆ ಎಂಟು ಕಾಲಿನ ಮರಿ. ಮತ್ತೊಂದು ಪ್ರಾಣಿಯ ರಕ್ತ ಕುಡಿದು, ಮತ್ತೆ ಉದುರಿ, ಪೊರೆ ಬಿಟ್ಟರೆ ಬೆಳೆದ ಉಣುಗು. ಅದು ಮೂರನೆಯದೊಂದು ಪ್ರಾಣಿಯನ್ನು ಹಿಡಿಯುತ್ತದೆ. ಬಾಳಿನಲ್ಲಿ ಮೂರೇ ಊಟ, ಮೂವರು ಬೇರೆಬೇರೆ ಆತಿಥೇಯರು. ಮಳೆಗಾಲದಲ್ಲಿ ಬೆಳೆದ ಉಣುಗುಗಳ ಓಡಾಟ. ಮಳೆ ಹಿಂದೆಗೆದ ಮೇಲೆ ಆರು ಕಾಲಿನವು. ಚಳಿ ಮುಗಿಯುತ್ತ ಬಂದು ದರಕು ಒಣಗಿದಾಗ ಎಂಟು ಕಾಲಿನ ಮರಿಗಳು. ಈ ಮರಿಗಳು ಸಾಸಿವೆ ಕಾಳಿನಷ್ಟೂ ದೊಡ್ಡವಲ್ಲ. ಮನುಷ್ಯನನ್ನು ಕಚ್ಚುವುದು ಹೆಚ್ಚಾಗಿ ಇವೇ. ಜನ ಸೊಪ್ಪಿಗೆ, ದರಕಿಗೆ, ಸೌದೆಗೆ ಕಾಡಿಗೆ ಹೋಗುವ ಕಾಲವೂ ಅದೇ. ಆದಕಾರಣ ಕಾಯಿಲೆ ಡಿಸೆಂಬರಿನ ಸುಮಾರಿಗೆ ತಲೆಯೆತ್ತಿ ಮೇ ತಿಂಗಳವರೆಗೆ ಇದ್ದು, ಮುಂಗಾರು ಬಿದ್ದೊಡನೆ ಅಡಗುತ್ತದೆ.

ಕೋತಿಗೆ ವೈರಸು ಹತ್ತಿದರೆ ಅದರ ರಕ್ತದಲ್ಲಿ ಬಹಳವಾಗಿ ಬೆಳೆಯುತ್ತದೆ. ಕೋತಿ ಸತ್ತು ಮೈ ತಣ್ಣಗಾದಾಗ ಅದನ್ನು ಹಿಡಿದಿದ್ದ ಉಣುಗುಗಳೆಲ್ಲ ಕಳಚಿಕೊಂಡು ಅಲ್ಲಿಯೇ ಹರಡುತ್ತವೆ. ಆ ತಾಣ ಮುಂದೆ ಬಹುಕಾಲ ಅಪಾಯದ್ದಾಗಿ ಉಳಿಯುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ದನ? ಇಲ್ಲಿಯೇ ಕಥೆಯ ಗಂಟಿರುವುದು. ದನಕ್ಕೆ ಈ ಕಾಯಿಲೆ ಬರುವುದಿಲ್ಲ. ಅದರ ರಕ್ತದಿಂದ ಉಣುಗಿಗೆ ವೈರಸು ದಾಟುವಷ್ಟು ಬೆಳೆಯುವುದೂ ಇಲ್ಲ. ಆದರೆ ಬೆಳೆದ ಹೆಣ್ಣು ಉಣುಗಿಗೆ ಬೇಕಾದುದು ದೊಡ್ಡ ಮೈಯ ಪ್ರಾಣಿ. ಹಿಂದೆ ಅದಕ್ಕೆ ಕಾಡುಕೋಣ, ಕಡವೆಗಳು ಮಾತ್ರ ಸಿಗುತ್ತಿದ್ದವು. ಕಾಡಂಚಿಗೆ ಊರು ಬಂದು, ಊರಿನ ದನಗಳು ದಿನವೂ ಕಾಡಿಗೆ ಮೇಯಲು ಹೋದಾಗ ಉಣುಗಿಗೆ ಎಣೆಯಿಲ್ಲದ ಊಟ ದೊರೆಯಿತು. ಹೊಟ್ಟೆ ತುಂಬಿದ ಒಂದು ಹೆಣ್ಣು ಉಣುಗು ಇಡುವ ಮೊಟ್ಟೆಗಳು ಸಾವಿರಗಟ್ಟಲೆ.

ಕೊಲಂಬಿಯದ ಕಾಡುಗಳಲ್ಲಿ ಹಳದಿ ಜ್ವರವನ್ನು ಅಭ್ಯಸಿಸಿ ಬಂದ ಹೋರ್ಹೆ ಬೊಶೆಲ್ ಎಂಬ ವಿಜ್ಞಾನಿ ಇದನ್ನೆಲ್ಲ ಕೂಡಿಸಿ 1969ರಲ್ಲಿ ಒಂದು ಪ್ರಬಂಧ ಬರೆದರು. ವೈರಸು ಆ ಕಾಡಿನಲ್ಲಿ ಸಣ್ಣ ಪ್ರಾಣಿಗಳ ಮತ್ತು ಉಣುಗುಗಳ ನಡುವೆ ಸದ್ದಿಲ್ಲದೆ ಇದ್ದಿರಬೇಕು. ಜನ ಕಾಡು ಕಡಿದು ಗದ್ದೆ ಮಾಡಿ, ದನ ಬಿಟ್ಟು, ಕಡಿದ ಜಾಗದ ಅಂಚಿನಲ್ಲಿ ಲಂಟಾನ ಪೊದೆಗಳು ಹಬ್ಬಿದ ಮೇಲೆ ಉಣುಗುಗಳು ಮಿತಿಮೀರಿ ಹೆಚ್ಚಿ ಅದು ಹೊರಬಿದ್ದಿರಬೇಕು ಎಂಬುದು ಅವರ ವಾದ. ಇಂದು ಮನುಷ್ಯರ, ಪ್ರಾಣಿಗಳ, ಪರಿಸರದ ಆರೋಗ್ಯ ಒಂದೇ ಎಂದು ಜಗತ್ತಿನ ವೇದಿಕೆಗಳಲ್ಲಿ ಹೊಸ ಮಂತ್ರವೆಂಬಂತೆ ಪಠಿಸುತ್ತಿದ್ದಾರೆ. ಸಾಗರದ ಆ ತಂಡ ಮಂತ್ರ ಹೇಳದೆಯೇ ಅದನ್ನು ಆಚರಿಸಿತ್ತು.

ಈ ಅರಿವು ದೊರೆತು ಅರ್ಧ ಶತಮಾನವೇ ಮೀರಿದೆ. ಅದನ್ನು ನಾವು ಏನು ಮಾಡಿಕೊಂಡೆವು? 1983ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿಯ ಕಡೆ ಕಾಯಿಲೆ ಸಿಡಿದೆದ್ದು ಸಾವಿರದ ಐದು ನೂರಕ್ಕೂ ಹೆಚ್ಚು ಜನರನ್ನು ಹಿಡಿಯಿತು. ಅದಕ್ಕೆ ಮುಂಚೆ ಅಲ್ಲಿ ಗೇರು ತೋಟಕ್ಕಾಗಿ ದಟ್ಟ ಕಾಡನ್ನು ಸವರಿದ್ದರು. ಕಾಡು ಕಡಿಯಲು ಅಪ್ಪಣೆ ಕೊಟ್ಟ ಕಚೇರಿಯ ಮೇಜಿನ ಮೇಲೆ ಬೊಶೆಲ್ ಅವರ ಪ್ರಬಂಧ ಇದ್ದಿರಲಾರದು. ಇರಬೇಕಾಗಿತ್ತು ಎಂಬುದೇ ನಮ್ಮ ಮಾತು. ವೈರಸಿನ ಶಾಸ್ತ್ರ ಆರೋಗ್ಯ ಇಲಾಖೆಯದು, ಕಾಡಿನ ಲೆಕ್ಕ ಅರಣ್ಯ ಇಲಾಖೆಯದು, ದನದ ಮೈಯ ಉಣುಗು ಪಶುವೈದ್ಯ ಇಲಾಖೆಯದು, ಮಕ್ಕಳ ಪಾಠ ಶಿಕ್ಷಣ ಇಲಾಖೆಯದು ಎಂದು ಹಂಚಿಕೊಂಡ ಮೇಲೆ ಉಣುಗಿಗೆ ಮಾತ್ರ ಯಾವ ಇಲಾಖೆಯ ಗಡಿಯೂ ಅಡ್ಡಬರಲಿಲ್ಲ.

1970ರ ದಶಕದ ಬಳಿಕ ಆ ಹಿಂದಿನ ವ್ಯಾಪ್ತಿಯ ಕ್ಷೇತ್ರಾಧ್ಯಯನ ಮುಂದುವರಿಯಲಿಲ್ಲ. ಭರವಸೆಯನ್ನೆಲ್ಲ ಲಸಿಕೆಯ ಮೇಲೆ ಇಟ್ಟೆವು. ಲಸಿಕೆಯ ಕಥೆಯೂ ಸಣ್ಣದಲ್ಲ. ಮೊದಲು ರಷ್ಯದ ಮಿದುಳು ಜ್ವರದ ವೈರಸಿನಿಂದ ಮಾಡಿದ ಲಸಿಕೆಯನ್ನೇ ಇಲ್ಲಿ ಹಾಕಿ ನೋಡಿದರು. ನೆಂಟನ ಹೆಸರು ಹೇಳಿದರೆ ಈ ಶತ್ರು ಹೆದರಲಿಲ್ಲ. ಆಮೇಲೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಕ್ಯಾಸನೂರಿನ ವೈರಸನ್ನೇ ಬೆಳೆಸಿ, ಫಾರ್ಮಲಿನ್ನಿನಿಂದ ಕೊಂದು ಲಸಿಕೆ ಮಾಡಿದರು. 1990ರಿಂದ 1992ರವರೆಗೆ ನಡೆದ ಪರೀಕ್ಷೆಯಲ್ಲಿ ಎರಡು ಸಲ ಚುಚ್ಚಿಸಿಕೊಂಡವರಲ್ಲಿ ಅದು ಶೇಕಡ 93.5ರಷ್ಟು ರಕ್ಷಣೆ ಕೊಟ್ಟಿತು. ಬಹಳ ಒಳ್ಳೆಯದೇ. ಆದರೆ 2005ರಿಂದ 2010ರವರೆಗಿನ ಅಂಕಿಗಳನ್ನು ಪರಿಶೀಲಿಸಿದಾಗ ಅದೇ ಎರಡು ಚುಚ್ಚುಮದ್ದಿನ ರಕ್ಷಣೆ ಶೇಕಡ 62.4ಕ್ಕೆ ಇಳಿದಿತ್ತು, ಮೂರನೆಯದನ್ನೂ ಹಾಕಿಸಿಕೊಂಡರೆ ಶೇಕಡ 82.9. ಒಂದು ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಬಳಿಕ ವರ್ಷಕ್ಕೊಮ್ಮೆ ಎಂದು ಚುಚ್ಚಿಸಿಕೊಳ್ಳುತ್ತಲೇ ಇರಬೇಕು. ಚುಚ್ಚಿದಾಗಲೆಲ್ಲ ತೋಳು ಬಹಳ ನೋಯುತ್ತದೆ. ಕೂಲಿಯ ದಿನ ತಪ್ಪುತ್ತದೆ. ಜನ ಹಿಂದೆಗೆದುದರಲ್ಲಿ ಆಶ್ಚರ್ಯವಿಲ್ಲ. ಕೊನೆಗೆ ಲಸಿಕೆ ಸಾಕಷ್ಟು ಪರಿಣಾಮಕಾರಿಯಾಗಿಲ್ಲವೆಂದು 2022ರಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಿದರು. ಹೊಸದೊಂದನ್ನು ಸಿದ್ಧಪಡಿಸುವ ಕೆಲಸ ಆ ಬಳಿಕ ಆರಂಭವಾಯಿತು. ಹಳೆಯದು ಕುಂದುತ್ತಿರುವುದು ಕಣ್ಣಿಗೆ ಕಾಣುತ್ತಿದ್ದಾಗಲೇ ಹೊಸದರ ಕೆಲಸ ಆರಂಭವಾಗಬೇಕಿತ್ತಲ್ಲವೆ?

ಇದಕ್ಕೆ ಎದುರಾಗಿ ಆಸ್ಟ್ರಿಯ ದೇಶದ ಉದಾಹರಣೆಯನ್ನು ವಾಚಕರ ಮುಂದಿಡಬಯಸುತ್ತೇವೆ. ಅಲ್ಲಿಯ ಕಾಡುಗಳಲ್ಲಿಯೂ ಇದೇ ಬಳಗದ ವೈರಸಿದೆ, ಉಣುಗೇ ಅದನ್ನೂ ಹರಡುತ್ತದೆ. 1979ರಲ್ಲಿ ಆ ಪುಟ್ಟ ದೇಶದಲ್ಲಿ 677 ಮಂದಿ ಮಿದುಳು ಜ್ವರಕ್ಕೆ ಗುರಿಯಾದರು. ವಿಯೆನ್ನದ ಕ್ರಿಶ್ಚಿಯನ್ ಕುಂಟ್ಸ್ 1970ರ ದಶಕದಲ್ಲಿ ಲಸಿಕೆಯೊಂದನ್ನು ಸಿದ್ಧಪಡಿಸಿದ್ದರು; ಮೊದಲು ಅದೂ ಒರಟಾಗಿಯೇ ಇತ್ತು, ಜ್ವರ ನೋವುಗಳನ್ನು ತರುತ್ತಿತ್ತು. ಅಲ್ಲಿಯವರು ಅದನ್ನು ಶುದ್ಧಗೊಳಿಸುತ್ತ, ಉತ್ತಮಗೊಳಿಸುತ್ತ ಹೋದರು. 1981ರಿಂದ ದೇಶವೆಲ್ಲ ಲಸಿಕೆ ಹಾಕಿಸಿಕೊಳ್ಳುವಂತೆ ಪ್ರಚಾರ ಮಾಡಿದರು. ಮುಂದಿನ ಎರಡು ದಶಕಗಳಲ್ಲಿ ಕಾಯಿಲೆಯವರ ಸಂಖ್ಯೆ ವರ್ಷಕ್ಕೆ ನೂರರ ಆಸುಪಾಸಿಗೆ ಇಳಿಯಿತು. ಅವರ ವಿಜ್ಞಾನಿಗಳು ನಮ್ಮವರಿಗಿಂತ ಜಾಣರೆಂದು ನಾವು ಒಪ್ಪುವುದಿಲ್ಲ. ಅಲ್ಲಿ ಉಣುಗು ಬೆಟ್ಟ ಹತ್ತಲು ಹೋಗುವ ಪಟ್ಟಣಿಗರನ್ನೂ ಪ್ರವಾಸಿಗಳನ್ನೂ ಕಚ್ಚುತ್ತಿತ್ತು. ಇಲ್ಲಿ ಕಚ್ಚುವುದು ದರಕು ಹೊರುವ ಹೆಂಗಸನ್ನು, ದನ ಕಾಯುವ ಹುಡುಗನನ್ನು. ಲಸಿಕೆಯನ್ನು ಕೊಳ್ಳಬಲ್ಲವರಿದ್ದ ಕಡೆ ಸಂಶೋಧನೆ ನಿಲ್ಲಲಿಲ್ಲ. ಇಲ್ಲಿ ನಿಂತಿತು. ಕಟುವಾದ ಮಾತು, ಆದರೂ ಆಡಲೇಬೇಕು.

ಈ ನಡುವೆ ಕಾಯಿಲೆ ಶಿವಮೊಗ್ಗದ ಗಡಿಯನ್ನು ದಾಟಿ ಬಹುದೂರ ಹೋಗಿದೆ. 2012ರಲ್ಲಿ ಬಂಡೀಪುರದ ಕೋತಿಗಳಲ್ಲಿ ಕಂಡಿತು. ಆ ಬಳಿಕ ನೀಲಗಿರಿ, ಕೇರಳದ ವಯನಾಡು, 2015ರಲ್ಲಿ ಗೋವೆಯ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಅರಬ್ ದೇಶದಲ್ಲಿಯೂ 1990ರ ದಶಕದಲ್ಲಿ ಇದರ ತೀರ ಹತ್ತಿರದ ಸಂಬಂಧಿಯಾದ ಅಲ್‌ಖುರ್ಮ ಎಂಬ ವೈರಸು ದೊರೆಯಿತು. 2018-19ರ ಬೇಸಗೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವರು ಮಡಿದಾಗ ನಾಡಿನ ಪತ್ರಿಕೆಗಳೆಲ್ಲ ಎಚ್ಚತ್ತವು. ಮಳೆ ಬಂದಿತು, ಮರೆತೆವು.

ಆಶಾದಾಯಕವಾದ ಒಂದು ಪ್ರಯತ್ನವನ್ನೂ ಹೇಳಬೇಕು. ಬೆಂಗಳೂರಿನ ಪಶುರೋಗ ಸಂಶೋಧನ ಸಂಸ್ಥೆಯವರೂ ಪರಿಸರ ತಜ್ಞರೂ ಇಂಗ್ಲೆಂಡಿನ ವಿಜ್ಞಾನಿಗಳೂ ಕೂಡಿ, ಆರೋಗ್ಯ, ಅರಣ್ಯ, ಪಶುವೈದ್ಯ ಇಲಾಖೆಗಳವರನ್ನೂ ಒಂದೆಡೆ ಕೂರಿಸಿಕೊಂಡು ಕಾಯಿಲೆ ಎಲ್ಲೆಲ್ಲಿ ಬರಬಹುದೆಂಬ ನಕ್ಷೆಯನ್ನು ರಚಿಸಿ 2020ರಲ್ಲಿ ಪ್ರಕಟಿಸಿದರು. ನಿತ್ಯಹಸುರಿನ ಕಾಡೂ ತೋಟಗಳೂ ಬೆರೆತು ಹೆಣೆದುಕೊಂಡಿರುವ ಕಡೆ, ನಾಟಿ ದನಗಳು ಹೆಚ್ಚಾಗಿರುವ ಕಡೆ ಅಪಾಯ ಹೆಚ್ಚೆಂದು ಅದರಿಂದ ತಿಳಿಯಿತು. ಅಖಂಡವಾದ ಕಾಡು ಶತ್ರುವಲ್ಲ. ಕಾಡನ್ನು ಅಲ್ಲಲ್ಲಿ ಕತ್ತರಿಸಿ ನಾವು ಮಾಡಿದ ಅಂಚುಗಳಲ್ಲಿ ಅಪಾಯವಿದೆ. 1969ರ ಮಾತಿಗೆ 2020ರ ಗಣಿತ ಬಹುಮಟ್ಟಿಗೆ ಹೂಂಗುಟ್ಟಿದೆ. ನಡುವಿನ ಐವತ್ತು ವರ್ಷಗಳ ಅಂಚುಗಳಿಗೆ ಲೆಕ್ಕವಿಲ್ಲ.

ಕಾಯಿಲೆ ಬಂದಾಗಲೆಲ್ಲ ಕೋತಿಗಳನ್ನು ಕೊಲ್ಲಿರಿ ಎಂಬ ಕೂಗು ಕೆಲವೆಡೆ ಏಳುತ್ತದೆ. ತೋಟದ ಬೆಳೆಯನ್ನು ಕೋತಿಗೆ ಒಪ್ಪಿಸಿ ಬೇಸತ್ತವರ ಕಷ್ಟ ನಮಗೆ ತಿಳಿಯದುದಲ್ಲ. ಆದರೆ ಈ ಕಾಯಿಲೆಯ ಮಟ್ಟಿಗೆ ಕೋತಿ ಅಪರಾಧಿಯಲ್ಲ. ನಮಗಿಂತ ಮೊದಲು ಸತ್ತು ಎಚ್ಚರಿಕೆ ಕೊಡುವ ಕಾವಲುಗಾರ. ಕೋತಿಗಳನ್ನು ಕೊಂದರೆ ಉಣುಗು ಸಾಯುವುದಿಲ್ಲ, ಇಲಿ ಹೆಗ್ಗಣಗಳ ಮೇಲೆ ಬದುಕುತ್ತದೆ. ಎಚ್ಚರಿಕೆಯ ಗಂಟೆ ಮಾತ್ರ ಮೂಕವಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಲಸಿಕೆ ಬೇಕು, ಸುರಕ್ಷಿತವಾದ, ಶಕ್ತಿಯುತವಾದ ಲಸಿಕೆ ಬೇಗ ಬರಲಿ. ಆದರೆ ಅದಕ್ಕಿಂತ ಸುಲಭವೂ ಅಗ್ಗವೂ ಆದ ಒಂದು ಕೆಲಸವಿದೆ, ಅದನ್ನು ಕೇಳುವವರಿಲ್ಲ. ಮಲೆನಾಡಿನ ತಾಲ್ಲೂಕುಗಳಲ್ಲಿ ಪ್ರತಿದಿನವೂ ಮಳೆಯನ್ನು ಅಳೆದು ಬರೆದಿಡುತ್ತಾರೆ. ಆಗುಂಬೆಯಲ್ಲಿ ಎಷ್ಟು ಬಿದ್ದಿತೆಂದು ಪತ್ರಿಕೆಯಲ್ಲಿ ಓದುತ್ತೇವೆ. ಮಳೆಯ ಲೆಕ್ಕ ಇಡುವುದರಿಂದ ಮಳೆ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಆದರೂ ಹತ್ತಾರು ವರ್ಷಗಳ ಆ ಲೆಕ್ಕವಿಲ್ಲದಿದ್ದರೆ ಲಿಂಗನಮಕ್ಕಿಯಂಥ ಅಣೆಕಟ್ಟೆಯನ್ನು ಕಟ್ಟಲಾಗುತ್ತಿರಲಿಲ್ಲ. ಹಾಗೆಯೇ ಉಣುಗಿನ ಲೆಕ್ಕವನ್ನೂ ಇಡಬೇಕು. ಅಪಾಯವಿರುವ ಪ್ರತಿ ತಾಲ್ಲೂಕಿನಲ್ಲಿ ಗೊತ್ತಾದ ಕೆಲವು ತಾಣಗಳಲ್ಲಿ ಗೊತ್ತಾದ ದಿನಗಳಂದು ಬಟ್ಟೆ ಎಳೆದು, ಎಣಿಸಿ, ಪರೀಕ್ಷೆಗೆ ಕಳುಹಿಸಬೇಕು; ಕಾಯಿಲೆ ಬಂದ ವರ್ಷವೂ, ಬಾರದ ವರ್ಷವೂ. ಬಾರದ ವರ್ಷದ ಲೆಕ್ಕವೇ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಏರಿಕೆ ಯಾವುದು, ಸಹಜ ಯಾವುದು ಎಂಬುದು ಅದರಿಂದಲೇ ಗೊತ್ತಾಗುವುದು. ವೈರಸನ್ನು ಗುರುತಿಸಲು 1957ರಲ್ಲಿ ಇಲಿಮರಿಗಳ ಮಿದುಳಿಗೆ ಚುಚ್ಚಿ ದಿನಗಟ್ಟಲೆ ಕಾಯಬೇಕಾಗಿತ್ತು. ಈಗ ಅದರ ಅನುವಂಶಿಕ ದ್ರವ್ಯವನ್ನೇ ಹುಡುಕುವ ಪರೀಕ್ಷೆ ಗಂಟೆಗಳಲ್ಲಿ ಉತ್ತರ ಕೊಡುತ್ತದೆ. ಉಪಕರಣಗಳು ಬಂದಿವೆ. ವರ್ಷವಿಡೀ ಬಟ್ಟೆ ಎಳೆಯುವ ಆಳು, ಅವನಿಗೆ ಸಲ್ಲುವ ಖಾಯಂ ಸಂಬಳ, ಅವನ ಪುಸ್ತಕವನ್ನು ಓದುವ ಅಧಿಕಾರಿ, ಇವು ಬಂದಿಲ್ಲ. ಪಿಡುಗು ಬಂದಾಗ ಬಿಡುಗಡೆಯಾಗುವ ಹಣ ಪಿಡುಗಿನೊಡನೆ ಮುಗಿಯುತ್ತದೆ. ಪ್ರಬಂಧಕ್ಕೆ ಒದಗದ, ಬಿರುದು ತಾರದ ಇಂಥ ಸಪ್ಪೆ ಕೆಲಸವನ್ನು ಸಂಶೋಧನೆಯೆಂದು ಕರೆಯಲು ನಮ್ಮ ವಿದ್ಯಾಸಂಸ್ಥೆಗಳೂ ಹಿಂಜರಿಯುತ್ತವೆ. ನಮ್ಮ ಮತದಲ್ಲಿ ಇದೇ ಸಂಶೋಧನೆಯ ಬೆನ್ನೆಲುಬು.

ಶಿಕ್ಷಣದ ಮಾತು ಇಲ್ಲಿಯೇ ಬರುತ್ತದೆ. ಚಿಟ್ಟೆಯ ಬಾಳಿನ ನಾಲ್ಕು ಅವಸ್ಥೆಗಳನ್ನು ಚಿತ್ರ ಬರೆದು ತೋರಿಸಬಲ್ಲ ಮಲೆನಾಡಿನ ಹುಡುಗಿ, ತನ್ನ ತಾಯಿಯ ಸೆರಗಿಗೆ ಹತ್ತಿ ಮನೆಗೆ ಬರುವ ಉಣುಗಿನ ಅವಸ್ಥೆಗಳನ್ನು ಬರೆಯಬಲ್ಲಳೆ? ಕಲಿಸಿದರೆ ಬಹು ಬೇಗ ಕಲಿಯುತ್ತಾಳೆ, ಏಕೆಂದರೆ ಅವಳಿಗೆ ಉಣುಗು ಪುಸ್ತಕದ ಪ್ರಾಣಿಯಲ್ಲ. ಈ ಕಾಯಿಲೆಯನ್ನು ಕುರಿತ ಮುಖ್ಯ ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿವೆ. ಕಾಯಿಲೆ ಬೀಳುವವರಲ್ಲಿ ಬಹುಮಂದಿ ಆಡುವುದು ಕನ್ನಡವನ್ನು. ಎರಡರ ನಡುವೆ ಇರುವುದು ಆಸ್ಪತ್ರೆಯ ಗೋಡೆಗೆ ಅಂಟಿಸಿದ ಒಂದು ಭಿತ್ತಿಪತ್ರ, 'ಕಾಡಿಗೆ ಹೋಗಬೇಡಿರಿ' ಎಂದು. ಸೊಪ್ಪಿನಬೆಟ್ಟವಿಲ್ಲದೆ ಅಡಕೆ ತೋಟವಿಲ್ಲ, ದರಕಿಲ್ಲದೆ ಕೊಟ್ಟಿಗೆಯಿಲ್ಲ, ಗೊಬ್ಬರವಿಲ್ಲ. ಕಾಡಿಗೆ ಹೋಗಬೇಡಿರೆಂದರೆ ಬದುಕಬೇಡಿರೆಂದಂತೆ. ಅದರ ಬದಲು ಹೇಳಬಹುದಾದುದು ಬಹಳವಿದೆ: ದರಕಿನ ರಾಶಿಯನ್ನು ಮನೆಯ ಅಂಗಳದಲ್ಲಿ ಒಟ್ಟಬೇಡಿರಿ, 2011-12ರ ಪಿಡುಗನ್ನು ಪರಿಶೀಲಿಸಿದವರು ಅದನ್ನು ಒಂದು ಅಪಾಯವೆಂದು ಗುರುತಿಸಿದ್ದಾರೆ, ಕಾಡಿಗೆ ಹೋಗುವ ಮೊದಲು ಕೈಕಾಲುಗಳಿಗೆ ಉಣುಗು ತಡೆಯುವ ಎಣ್ಣೆ ಹಚ್ಚಿರಿ, ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿರಿ, ದನದ ಮೈಯ ಉಣುಗಿಗೆ ಪಶುವೈದ್ಯರಿಂದ ಔಷಧ ಮಾಡಿಸಿರಿ, ಸತ್ತ ಕೋತಿಯನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ಇಷ್ಟನ್ನು ಹೇಳುವಾಗ ಪ್ರತಿಯೊಂದಕ್ಕೂ ಕಾರಣವನ್ನೂ ಹೇಳಬೇಕು. ಕಾರಣ ತಿಳಿದವರು ಅಧಿಕಾರಿ ಹೋದ ಮೇಲೆಯೂ ಆ ಕೆಲಸ ಮಾಡುತ್ತಾರೆ. ಹಳ್ಳಿಯವರಿಂದ ಕೇಳಿ ತಿಳಿಯುವುದೂ ಉಂಟು. ಯಾವ ಹಾಡ್ಯದಲ್ಲಿ ಈ ವರ್ಷ ಉಣುಗು ಹೆಚ್ಚು, ಯಾವ ಗುಂಪಿನ ಮುಸುವ ಕಾಣದಾಯಿತು ಎಂಬುದು ದನ ಕಾಯುವವರಿಗೆ ತಿಳಿದಷ್ಟು ಮತ್ತಾರಿಗೂ ತಿಳಿಯದು. ಮಂಗನ ಕಾಯಿಲೆಗೆ ಮೊದಲು ಹೆಸರಿಟ್ಟವರು ಅವರೇ ಎಂಬುದನ್ನು ಮರೆಯಬಾರದು.

ವರ್ಷಕ್ಕೆ ಕೆಲವು ನೂರು ಜನರನ್ನು ಹಿಡಿಯುವ ಕಾಯಿಲೆಗೆ ಇಷ್ಟು ಮಾತೇಕೆ, ಕ್ಷಯದಂಥ ದೊಡ್ಡ ಶತ್ರುಗಳಿಲ್ಲವೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಲೆಕ್ಕವನ್ನು ಇಡೀ ದೇಶದ ಜನಸಂಖ್ಯೆಗೆ ಹಂಚಿ ನೋಡಿದರೆ ಯಾವ ಹಳ್ಳಿಯ ಸಂಕಟವೂ ಸೊನ್ನೆಯ ಹತ್ತಿರಕ್ಕೇ ಬರುತ್ತದೆ. ಅರಳಗೋಡಿನಂಥ ಊರಿನ ಲೆಕ್ಕದಲ್ಲಿ ಅದು ಸೊನ್ನೆಯಲ್ಲ. ಜ್ವರ ಹಿಡಿದವನು ಬದುಕಿಕೊಂಡರೂ ವಾರಗಟ್ಟಲೆ ಕೆಲಸಕ್ಕೆ ಬಾರದವನಾಗುತ್ತಾನೆ, ಅದೂ ದುಡಿಮೆಯ ಕಾಲದಲ್ಲಿ. ಅದಲ್ಲದೆ, ಹೊಸ ಜ್ವರಗಳು ಕಾಡಂಚುಗಳಿಂದ ಊರಿಗೆ ಬರುವ ದಾರಿ ಲೋಕದಲ್ಲೆಲ್ಲ ಹೆಚ್ಚುಕಡಮೆ ಇಂಥದೇ. ಮನೆಯ ಹಿತ್ತಲಿನ ದಾರಿಯನ್ನು ಕಾಯಲಾರದವರು ಲೋಕದ ಹೆದ್ದಾರಿಯನ್ನು ಹೇಗೆ ಕಾಯಬಲ್ಲರು?

ಆರು ಕಾಲಿನ ಉಣುಗುಗಳು ಮಳೆ ಹಿಂದೆಗೆದೊಡನೆ ದರಕಿನ ಮೇಲೆ ಗುಂಪುಗುಂಪಾಗಿ ಕಾಣಿಸಿಕೊಳ್ಳುತ್ತವೆ. ಅವು ಎಂಟು ಕಾಲಿನವಾಗಿ ಜನರನ್ನು ಕಚ್ಚತೊ­ಡಗಲು ಅಲ್ಲಿಂದ ಮುಂದೆ ಎರಡು ಮೂರು ತಿಂಗಳ ಅವಕಾಶವಿರುತ್ತದೆ. ಅಕ್ಟೋಬರಿನಲ್ಲಿ ಎಣಿಸಿದವರಿಗೆ ಜನವರಿಯಲ್ಲಿ ಯಾವ ಊರಿಗೆ ಎಣ್ಣೆಯ ಸೀಸೆಗಳನ್ನು ಮೊದಲು ಕಳುಹಿಸಬೇಕೆಂಬುದು ಗೊತ್ತಿರುತ್ತದೆ. ಬರುವ ಅಕ್ಟೋಬರಿನಲ್ಲಿ ಬಟ್ಟೆ ಎಳೆಯುವವರು ಯಾರು, ಯಾವ ತಾಲ್ಲೂಕಿನಲ್ಲಿ, ಯಾವ ಇಲಾಖೆಯ ಹಣದಲ್ಲಿ ಎಂಬುದನ್ನು ಮಳೆಗಾಲ ಮುಗಿಯುವುದರೊಳಗೆ ಗೊತ್ತುಮಾಡಿ ಪ್ರಕಟಿಸಬೇಕೆಂದು ಸಂಬಂಧಪಟ್ಟವರನ್ನು ಕೇಳಿಕೊಳ್ಳುತ್ತೇವೆ.